ಮೋಸಹೋಗಿ ಕೊಟ್ಟ ಮಾತು

"ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ" ಎಂದು ಯೇಸುಸ್ವಾಮಿ ಬೆಟ್ಟದ ಪ್ರಸಂಗದಲ್ಲಿ ಹೇಳಿದ ವಚನ (ಮತ್ತಾಯ 5:37) ವಿಶ್ವಾಸಿಗಳಿಗೆಲ್ಲ ಬಾಯಿಪಾಠ. ಅದನ್ನು ಓದಿದಾಗಲೆಲ್ಲ ನನಗೆ ನೆನಪಾಗುವವರು ಗಿಬ್ಯೋನ್ಯರು. ಕೊಟ್ಟ ಮಾತಿನ ತೂಕ ಎಷ್ಟೆಂದು ತಿಳಿಯಬೇಕಾದರೆ ಯೆಹೋಶುವನ ಪುಸ್ತಕದ 9 ಮತ್ತು 10ನೇ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಓದಿಬಿಡುತ್ತೇವೆ.

ಯೆಹೋಶುವನ ಕೈಕೆಳಗೆ ಇಸ್ರಾಯೇಲ್ಯರು ಕಾನಾನ್ ದೇಶವನ್ನು ಗೆಲ್ಲುತ್ತಿದ್ದ ಕಾಲ. ಅಲ್ಲಿನ ಗಿಬ್ಯೋನ್ ಊರಿನವರಾದ ಗಿಬ್ಯೋನ್ಯರು ಪಕ್ಕದವರೇ. ಆದರೆ ಜೀವ ಉಳಿಸಿಕೊಳ್ಳಲು, ಹರಿದು ಹೊಲಿದ ಬುದ್ದಲಿ (ದ್ರಾಕ್ಷಾರಸದ ತೊಗಲಚೀಲ), ತೇಪೆ ಹಾಕಿದ ಕೆರ, ಒಣಗಿ ಬೂಷ್ಟು ಹಿಡಿದ ರೊಟ್ಟಿ ಇವನ್ನೆಲ್ಲ ತೋರಿಸಿ, ನಾವು ಬಹು ದೂರದ ದೇಶದವರು, ನಿಮ್ಮ ದೇವರ ಹೆಸರನ್ನು ಕೇಳಿ ಬಂದಿದ್ದೇವೆ ಎಂದರು. ಇಸ್ರಾಯೇಲಿನ ಮುಖ್ಯಸ್ಥರು ಆ ರೊಟ್ಟಿ ನೋಡಿ ನಂಬಿದರು. ತಮ್ಮ ದೇವರಾದ ಯೆಹೋವನನ್ನು ಒಂದು ಮಾತು ಕೇಳಲಿಲ್ಲ. ನಿಮ್ಮನ್ನು ಕೊಲ್ಲುವುದಿಲ್ಲವೆಂದು ಆತನ ಹೆಸರೆತ್ತಿ ಪ್ರಮಾಣವನ್ನೂ ಮಾಡಿಬಿಟ್ಟರು. ಮೂರು ದಿನದಲ್ಲಿ ನಿಜ ಹೊರಬಿತ್ತು.

ಜನರೆಲ್ಲ ಗುಣುಗುಟ್ಟಿದರು. ಮೋಸಮಾಡಿ ಪಡೆದ ಒಪ್ಪಂದಕ್ಕೆ ಬೆಲೆ ಎಲ್ಲಿಯದು? ಇಂದು ಯಾರನ್ನು ಕೇಳಿದರೂ ಅದನ್ನು ಮುರಿದರೆ ತಪ್ಪಿಲ್ಲ ಎಂದೇ ಹೇಳಿಯಾರು. ಮುಖ್ಯಸ್ಥರು ಹಾಗೆ ಹೇಳಲಿಲ್ಲ. ಯೆಹೋವನ ಹೆಸರಿನಲ್ಲಿ ಪ್ರಮಾಣ ಮಾಡಿದ್ದೇವೆ, ಆದ್ದರಿಂದ ಅವರನ್ನು ಮುಟ್ಟಕೂಡದು ಎಂದರು. ಎದುರಿನವರ ಯೋಗ್ಯತೆಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಾರ ಹೆಸರು ಹೇಳಿ ಮಾತು ಕೊಟ್ಟಿದ್ದೇವೆ ಎಂಬುದನ್ನಷ್ಟೇ ನೋಡಿದರು.

ಮುಂದಿನ ಅಧ್ಯಾಯದಲ್ಲಿ ಐವರು ಅಮೋರಿಯ ಅರಸರು ಗಿಬ್ಯೋನಿಗೆ ಮುತ್ತಿಗೆ ಹಾಕುತ್ತಾರೆ. ಗಿಬ್ಯೋನ್ಯರು ಯೆಹೋಶುವನಿಗೆ ಹೇಳಿ ಕಳುಹಿಸುತ್ತಾರೆ: ಕೈಬಿಡಬೇಡ, ಬೇಗ ಬಾ. ಯೆಹೋಶುವನು ಸುಮ್ಮನಿದ್ದಿದ್ದರೆ ಸಾಕಾಗಿತ್ತು, ಒಪ್ಪಂದದ ಕಾಟ ತಾನಾಗಿಯೇ ತೀರುತ್ತಿತ್ತು. ಆದರೆ ಅವನು ಗಿಲ್ಗಾಲಿನಿಂದ ರಾತ್ರಿಯಿಡೀ ಸೈನ್ಯವನ್ನು ನಡೆಸಿಕೊಂಡು ಬಂದ. ಸೂರ್ಯನು ಗಿಬ್ಯೋನಿನಲ್ಲಿಯೂ ಚಂದ್ರನು ಅಯ್ಯಾಲೋನ್ ತಗ್ಗಿನಲ್ಲಿಯೂ ನಿಂತದ್ದು ಆ ಯುದ್ಧದಲ್ಲೇ. ಸಂಡೇಸ್ಕೂಲಿನ ಮಕ್ಕಳಿಗೆ ನಾವು ಇಷ್ಟು ಆಸೆಯಿಂದ ಹೇಳುವ ಅದ್ಭುತವನ್ನು ದೇವರು ನಡೆಸಿದ್ದು, ತಮಗೆ ಮೋಸಮಾಡಿದವರಿಗೂ ಕೊಟ್ಟ ಮಾತಿಗೆ ತಪ್ಪದೆ ಹೊರಟ ಜನರಿಗಾಗಿ! ಇದನ್ನು ನಾವು ಇನ್ನೂ ಗಟ್ಟಿಯಾಗಿ ಸಾರಬೇಕು. ಎಷ್ಟೋ ತಲೆಮಾರು ಕಳೆದ ಮೇಲೆ ಇಸ್ರಾಯೇಲಿನ ಅರಸ ಸೌಲನು ಆ ಪ್ರಮಾಣ ಮುರಿದು ಗಿಬ್ಯೋನ್ಯರನ್ನು ಕೊಂದ. ಆ ಕಾರಣಕ್ಕೆ ದಾವೀದನ ಕಾಲದಲ್ಲಿ ಮೂರು ವರ್ಷ ಬರ ಬಂತೆಂದು ಎರಡನೆಯ ಸಮುವೇಲ 21ರಲ್ಲಿದೆ. ಜನ ಮರೆತಿದ್ದರೂ ದೇವರು ಮರೆತಿರಲಿಲ್ಲ.

ನಾವು ಈಗ ದೇವರ ಹೆಸರೆತ್ತಿ ಆಣೆ ಇಡುವುದಿಲ್ಲ ನಿಜ. ಆದರೆ ಕ್ರಿಸ್ತನ ಹೆಸರನ್ನು ಹೊತ್ತವರು ಎಂದು ಅಕ್ಕಪಕ್ಕದವರಿಗೆ ಗೊತ್ತಾದ ಮೇಲೆ, "ನಾಳೆ ಹಿಂದಿರುಗಿಸುತ್ತೇನೆ," "ಸಂಜೆಯೊಳಗೆ ಮುಗಿಸಿಕೊಡುತ್ತೇನೆ" ಎಂದಾಗ ಆ ಹೆಸರೂ ಮಾತಿನ ಜೊತೆಗೇ ಹೋಗಿರುತ್ತದೆ. ಸಾಲ ಕೊಟ್ಟವನು ಮೂರನೇ ಸಲ ಫೋನ್ ಮಾಡಿದಾಗ ಎತ್ತದೆ ಕುಳಿತವನು, ಅದೇ ಮನುಷ್ಯನನ್ನು ಭಾನುವಾರ ಆರಾಧನೆಗೆ ಕರೆದರೆ ಅವನು ಬಂದಾನೆಯೇ? ಕೀರ್ತನೆ 15, ದೇವರ ಪರಿಶುದ್ಧ ಪರ್ವತದಲ್ಲಿ ವಾಸಿಸತಕ್ಕವನ ಗುಣಗಳನ್ನು ಹೇಳುವಾಗ, ನಷ್ಟವಾದರೂ ಪ್ರಮಾಣ ತಪ್ಪದಿರುವುದನ್ನು ಅದರಲ್ಲಿ ಸೇರಿಸುತ್ತದೆ. ನಷ್ಟ ತಾಗುವವರೆಗೆ ಮಾತಿನ ಪರೀಕ್ಷೆಯೇ ಆಗಿರುವುದಿಲ್ಲ.

ನಮ್ಮ ನಡುವೆ ಅತಿ ಸಲೀಸಾಗಿ ಹೊರಡುವ ಮಾತು "ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ" ಎಂಬುದು. ಆಸ್ಪತ್ರೆಯಲ್ಲಿ ಮಲಗಿರುವವರು ಅದನ್ನು ನಂಬಿ ರಾತ್ರಿ ಕಳೆಯುತ್ತಾರೆ. ಕೈಮುಗಿದ ಚಿತ್ರವೊಂದನ್ನು ಮೊಬೈಲಿನಲ್ಲಿ ಕಳುಹಿಸಿ ಮುಂದಿನ ಸಂದೇಶಕ್ಕೆ ಹೋಗುವುದು ಅವರಿಗೆ ಮಾಡುವ ಅನ್ಯಾಯ. ಕಳುಹಿಸುವ ಮುಂಚೆ ಅಲ್ಲೇ ಕಣ್ಣುಮುಚ್ಚಿ ಅವರ ಹೆಸರು ಹೇಳಿ ಒಂದು ನಿಮಿಷ ಬೇಡಿಕೊಂಡರೆ ಮಾತೂ ಉಳಿಯಿತು, ಪ್ರಾರ್ಥನೆಯೂ ಆಯಿತು. ಇನ್ನು "ದೇವರ ಚಿತ್ತವಿದ್ದರೆ ಬರುತ್ತೇನೆ." ಯಾಕೋಬನು ತನ್ನ ಪತ್ರಿಕೆಯಲ್ಲಿ ಕಲಿಸಿದ್ದು ದೀನತೆಯ ಮಾತು. ಬರುವ ಮನಸ್ಸಿಲ್ಲದಾಗ ಅದನ್ನು ನೆಪಕ್ಕೆ ಬಳಸಿದರೆ ಸುಳ್ಳಿನ ಹೊರೆಯನ್ನು ದೇವರ ಮೇಲೇ ಹೊರಿಸಿದಂತೆ. ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿಬಿಡುವುದು ಎಷ್ಟೋ ವಾಸಿ.

ಹಾಗೆಂದು ಆಡಿದ್ದನ್ನೆಲ್ಲ ಹಟ ಹಿಡಿದು ನಡೆಸಬೇಕೆಂದಲ್ಲ. ಹೆರೋದನು ಅತಿಥಿಗಳ ಮುಂದೆ ಇಟ್ಟ ಆಣೆಗಾಗಿ ಸ್ನಾನಿಕ ಯೋಹಾನನ ತಲೆ ತೆಗೆಸಿದ. ಅದು ನಿಷ್ಠೆಯಲ್ಲ, ಪಾಪ. ಅಪೊಸ್ತಲ ಪೌಲನೂ ಕೊರಿಂಥದ ಸಭೆಗೆ ಹೋಗುವ ಯೋಚನೆ ಬದಲಿಸಬೇಕಾಯಿತು. ಆದರೆ ಅವನು ಸುಮ್ಮನೆ ತಪ್ಪಿಸಿಕೊಳ್ಳಲಿಲ್ಲ. ನಿಮಗೆ ನೋವಾಗದಿರಲೆಂದೇ ಬರಲಿಲ್ಲ ಎಂದು ಬಿಡಿಸಿ ಬರೆದ, ನಮ್ಮ ಮಾತು ಒಮ್ಮೆ ಹೌದು ಒಮ್ಮೆ ಅಲ್ಲ ಎಂಬಂಥದ್ದಲ್ಲ ಎಂದ.

ಕೊಟ್ಟ ಮಾತು ನಡೆಸಲು ನಿಜವಾಗಿಯೂ ಆಗದಿದ್ದರೆ ಏನು ಮಾಡಬೇಕೆಂಬುದಕ್ಕೆ ಜ್ಞಾನೋಕ್ತಿ 6ರ ಬುದ್ಧಿವಾದ ಸಾಕು: ನಿನ್ನ ಬಾಯಿಮಾತಿಗೆ ಸಿಕ್ಕಿಬಿದ್ದಿದ್ದರೆ ನಿದ್ದೆಗೆಡು, ನೆರೆಯವನ ಬಳಿಗೆ ಹೋಗಿ ತಗ್ಗಿಕೊಂಡು ಕೇಳಿಕೋ. ಅಂದರೆ ಗಡುವು ಮುಗಿಯುವ ಮೊದಲೇ ಹೋಗಬೇಕು. ಅವರು ಕೇಳಲಿ ಎಂದು ಕಾಯುವುದಲ್ಲ. ಇಷ್ಟು ಇವತ್ತು ಕೊಡುತ್ತೇನೆ, ಉಳಿದದ್ದು ಇಂಥ ದಿನ ಎಂದು ನಾವೇ ಹೇಳಿ, ಆ ದಿನ ಅವರ ಬಾಗಿಲಲ್ಲಿ ನಿಲ್ಲಬೇಕು.