‘ಮುಟ್ಟಿದರೆ’ ಅಂದರೆ ಯಾವಾಗ ಮಿಸ್?

“ಮಿಸ್, ಬೆಕ್ಕು ಇಲೀನ ಮುಟ್ತಾ ಇದೆ. ಪಾಯಿಂಟ್ ಮಾತ್ರ ಬರ್ತಾ ಇಲ್ಲ.”

ಆರನೇ ಕ್ಲಾಸಿನ ಹುಡುಗಿ. ಹನುಮಂತನಗರದ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಶನಿವಾರ ಬೆಳಗ್ಗೆ ನಾನು ಮಕ್ಕಳಿಗೆ ಸ್ಕ್ರ್ಯಾಚ್ ಕಲಿಸುತ್ತೇನೆ. ಬಣ್ಣಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಪ್ರೋಗ್ರಾಮ್ ಬರೆಯುವ ಈ ಸಾಫ್ಟ್‌ವೇರ್ ಹುಟ್ಟಿದ್ದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ. 2007ರಲ್ಲಿ ಎಲ್ಲರಿಗೂ ಸಿಕ್ಕಿತು. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ, ನಮ್ಮಂಥ ಲ್ಯಾಬಿಗೆ ಅದೇ ದೊಡ್ಡ ಅನುಕೂಲ.

ಅವಳ ಬ್ಲಾಕ್‌ಗಳನ್ನು ನೋಡಿದೆ. ಮೇಲೆ ಹಸಿರು ಬಾವುಟ, ಅದನ್ನು ಒತ್ತಿದರೆ ಕೆಳಗಿನ ಬ್ಲಾಕ್‌ಗಳು ಓಡಲು ಶುರು. ಅದರ ಕೆಳಗೆ ಕಿತ್ತಳೆ ಬಣ್ಣದ ‘ಇಫ್’. ಇಲಿಯನ್ನು ಮುಟ್ಟಿದ್ದರೆ ಸ್ಕೋರ್ ಒಂದು ಜಾಸ್ತಿ ಮಾಡು, ಅಷ್ಟೇ. “ಇದನ್ನೆಲ್ಲ ‘ಫಾರೆವರ್’ ಒಳಗೆ ಹಾಕು ಪುಟ್ಟಿ” ಅಂದೆ. ಒಳಗಿಟ್ಟಿದ್ದನ್ನು ನಿಲ್ಲದೆ ಮತ್ತೆ ಮತ್ತೆ ಓಡಿಸುವ ಬ್ಲಾಕ್ ಅದು. ಹಾಕಿದಳು, ಪಾಯಿಂಟ್ ಬಂತು. ನಾನು ಮುಂದಿನ ಕಂಪ್ಯೂಟರ್ ಹತ್ತಿರ ಹೋದೆ. ಅಲ್ಲೂ ಅದೇ ತಪ್ಪು. ಮುಂದಿನ ಶನಿವಾರ ಹೊಸ ಆಟ ಕೊಟ್ಟೆ. ಮುಕ್ಕಾಲು ಕ್ಲಾಸು ಮತ್ತೆ ಅದೇ ತಪ್ಪು ಮಾಡಿತ್ತು, ಆ ಹುಡುಗಿಯೂ ಸೇರಿ.

ಆಗ ಅವಳನ್ನು ಕೇಳಿದೆ, “ನೀನು ಬರೆದದ್ದನ್ನು ಕನ್ನಡದಲ್ಲಿ ಓದು ನೋಡೋಣ.”

“ಬೆಕ್ಕು ಇಲೀನ ಮುಟ್ಟಿದರೆ ಸ್ಕೋರ್ ಒಂದು ಜಾಸ್ತಿ ಮಾಡು.”

ಕೇಳಿದ ಕೂಡಲೇ ನನಗೆ ಹೊಳೆಯಿತು. ಕನ್ನಡದಲ್ಲಿ ಅವಳು ಹೇಳಿದ್ದು ಪೂರ್ತಿ ಸರಿ! ಅಮ್ಮ ಹೊರಗೆ ಹೋಗುವಾಗ “ಕುಕ್ಕರ್ ಮೂರು ಸಲ ಕೂಗಿದರೆ ಗ್ಯಾಸ್ ಆಫ್ ಮಾಡು” ಅಂತಾಳೆ. ಮಗು ಆ ಕ್ಷಣ ಒಂದು ಸಲ ಕಿವಿಗೊಟ್ಟು, “ಕೂಗಲಿಲ್ಲ” ಅಂತ ಆಡಲು ಓಡಿಹೋಗುತ್ತದಾ? ಇಲ್ಲ. ಒಂದು ಕಿವಿ ಅಡುಗೆಮನೆ ಕಡೆ ಇಟ್ಟೇ ಇರುತ್ತದೆ. ನಮ್ಮ ‘ಕೂಗಿದರೆ’ಯಲ್ಲಿ ‘ಕಾಯ್ತಾ ಇರು’ ಅನ್ನುವುದೂ ಸೇರಿಕೊಂಡಿದೆ. ಸ್ಕ್ರ್ಯಾಚಿನ ಇಫ್‌ನಲ್ಲಿ ಆ ಕಾಯುವಿಕೆ ಇಲ್ಲ. ಬಾವುಟ ಒತ್ತಿದ ಆ ಕ್ಷಣ ಒಮ್ಮೆ ನೋಡುತ್ತದೆ. ಮುಟ್ಟಿಲ್ಲ ಅಂದರೆ ಮುಂದೆ ಹೋಗುತ್ತದೆ, ಮುಂದೆ ಬ್ಲಾಕ್ ಇಲ್ಲದಿದ್ದರೆ ಕೆಲಸ ಮುಗಿಯಿತು. ಎರಡು ಸೆಕೆಂಡ್ ಆದಮೇಲೆ ಬೆಕ್ಕು ಇಲಿಯನ್ನು ಮುಟ್ಟಿದಾಗ ನೋಡುವವರೇ ಇಲ್ಲ.

ಎಲ್ಲರನ್ನೂ ಕಂಪ್ಯೂಟರ್ ಬಿಟ್ಟು ವರಾಂಡಕ್ಕೆ ಕರೆದುಕೊಂಡು ಹೋದೆ. ಒಬ್ಬ ಹುಡುಗ ಕಂಪ್ಯೂಟರ್, ಒಬ್ಬಳು ಬೆಕ್ಕು, ಇನ್ನೊಬ್ಬ ಇಲಿ. ಕಂಪ್ಯೂಟರ್ ಆದವನು ಕಣ್ಣು ಮುಚ್ಚಿಕೊಂಡಿರಬೇಕು. ನಾನು ಚಪ್ಪಾಳೆ ತಟ್ಟಿದಾಗ ಮಾತ್ರ ಕಣ್ಣು ಬಿಟ್ಟು “ಮುಟ್ಟಿದೆಯಾ?” ಅಂತ ಜೋರಾಗಿ ಕೇಳಬೇಕು. ಹೌದು ಅಂದರೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಆಮೇಲೆ ಮತ್ತೆ ಕಣ್ಣು ಮುಚ್ಚಬೇಕು.

ಒಂದೇ ಚಪ್ಪಾಳೆ ತಟ್ಟಿದೆ. “ಮುಟ್ಟಿದೆಯಾ? ಇಲ್ಲ.” ಕಣ್ಣು ಮುಚ್ಚಿದ. ಬೆಕ್ಕು ಓಡಿಬಂದು ಇಲಿಯ ಭುಜ ಹಿಡಿಯಿತು. “ಈಗ ನೋಡೋ, ಈಗ ನೋಡೋ!” ಅಂತ ಎಲ್ಲರೂ ಕೂಗಿದರು. ಅವನು ಅಲ್ಲಾಡಲಿಲ್ಲ, ಅಷ್ಟು ನಿಷ್ಠೆ. ಸ್ವಲ್ಪ ಹೊತ್ತು ಗಲಾಟೆ. ಆಮೇಲೆ ಹಿಂದಿನಿಂದ ಒಂದು ದನಿ: “ಮಿಸ್, ನೀವು ಚಪ್ಪಾಳೆ ತಟ್ತಾನೇ ಇರಿ!”

ಅದೇ ಫಾರೆವರ್. ಎರಡು ವಾರ ನಾನು ಬಾಯಲ್ಲಿ ಹೇಳಿದ್ದನ್ನು ಮಕ್ಕಳೇ ಕಂಡುಕೊಂಡರು.

ತಟ್ಟುತ್ತಾ ಹೋದೆ. ಬೆಕ್ಕು ಇಲಿಯನ್ನು ಹಿಡಿದುಕೊಂಡೇ ನಿಂತಿತ್ತು. ಗೋಡೆ ಮೇಲೆ ಗೀಟಿನ ಮೇಲೆ ಗೀಟು. “ಒಂದೇ ಸಲ ತಾನೇ ಹಿಡಿದಿದ್ದು, ಮೋಸ!” ಅಂತ ಇಲಿ ಜಗಳಕ್ಕೆ ನಿಂತ. ಪರದೆಯ ಮೇಲೂ ಹೀಗೇ ಆಗುತ್ತದೆ. ಸ್ಕ್ರ್ಯಾಚ್‌ನಲ್ಲಿ ಫಾರೆವರ್ ಸಾಮಾನ್ಯವಾಗಿ ಸೆಕೆಂಡಿಗೆ 30 ಸುತ್ತು ಹೊಡೆಯುತ್ತದೆ. ಬೆಕ್ಕು ಒಂದು ಸೆಕೆಂಡ್ ಇಲಿಯ ಮೇಲೆ ನಿಂತರೆ ಸ್ಕೋರ್ 30ರ ಹತ್ತಿರ ಹಾರುತ್ತದೆ. ಮಕ್ಕಳಿಗೆ ಮೊದಲು ಖುಷಿ, ಆಮೇಲೆ ಅನುಮಾನ.

“ಬಸ್ಸಲ್ಲಿ ಕಂಡಕ್ಟರ್ ನಿಮಗೆ ಎಷ್ಟು ಟಿಕೆಟ್ ಕೊಡ್ತಾರೆ?” ಅಂದೆ. ಒಂದು. “ನೀವು ಬಸ್ಸಲ್ಲೇ ಇದ್ದೀರಲ್ವಾ, ಮತ್ತೆ ಮತ್ತೆ ಯಾಕೆ ಕೊಡಲ್ಲ?” ಇಳಿದು ಮತ್ತೆ ಹತ್ತಿದರೆ ಮಾತ್ರ ಇನ್ನೊಂದು ಅಂದರು. ಸರಿ, ಹಾಗಾದರೆ ಪಾಯಿಂಟ್ ಕೊಟ್ಟಮೇಲೆ ಇಳಿಯುವ ತನಕ ಕಾಯಬೇಕು. ‘ವೇಯ್ಟ್ ಅಂಟಿಲ್’ ಬ್ಲಾಕಿಗೆ ‘ನಾಟ್’ ಸೇರಿಸಿ, ಮುಟ್ಟಿಲ್ಲ ಅನ್ನುವವರೆಗೂ ನಿಲ್ಲು ಅಂತ ಬರೆದೆವು.

ಅವತ್ತಿನಿಂದ ನಾನು ಇಫ್ ಅನ್ನು ‘-ದರೆ’ ಅಂತ ಕಲಿಸುವುದು ಬಿಟ್ಟೆ. ಮೊದಲು ಪ್ರಶ್ನೆ ಕಲಿಸುತ್ತೇನೆ. ಕನ್ನಡದಲ್ಲಿ ಷರತ್ತು ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ, ಮಗು ಅದನ್ನು ಬಿಡಿಸಿ ನೋಡಿರುವುದೇ ಇಲ್ಲ. ಹಾಗಾಗಿ ‘ಮುಟ್ಟಿದರೆ’ ಅನ್ನುವುದನ್ನು ಒಡೆಯುತ್ತೇನೆ: “ಮುಟ್ಟಿದೆಯಾ? ಹೌದಾ? ಹಾಗಾದರೆ ಒಳಗೆ ಹೋಗು.” ಬ್ಲಾಕಿನ ಆಕಾರವೂ ಇದಕ್ಕೆ ಜೊತೆ ಕೊಡುತ್ತದೆ. ಇಫ್‌ನಲ್ಲಿರುವ ಆರು ಮೂಲೆಯ ಗೂಡಿಗೆ ಹೌದು-ಇಲ್ಲ ಉತ್ತರದ ಬ್ಲಾಕ್ ಮಾತ್ರ ಕೂರುತ್ತದೆ, ಬೇರೆ ಏನು ತುರುಕಿದರೂ ಹಿಡಿಯುವುದಿಲ್ಲ. ಪ್ರಶ್ನೆ ಅಂತ ಗೊತ್ತಾದ ಮೇಲೆ “ಅದನ್ನು ಯಾವಾಗ ಕೇಳ್ತೀಯ? ಎಷ್ಟು ಸಲ ಕೇಳ್ತೀಯ?” ಅಂತ ನಾನು ಕೇಳಬಹುದು. ‘-ದರೆ’ ಹಿಡಿದುಕೊಂಡು ಕೂತಿದ್ದರೆ ಈ ಮಾತೇ ಏಳುತ್ತಿರಲಿಲ್ಲ.

‘ಎಲ್ಸ್’ಗೆ, ಅಂದರೆ ‘ಇಲ್ಲದಿದ್ದರೆ’ ಅನ್ನುವುದಕ್ಕೆ, ಇಷ್ಟು ಒದ್ದಾಟ ಬೇಕಾಗಲಿಲ್ಲ. ಅಂಕ 60 ದಾಟಿದರೆ ಫಸ್ಟ್ ಕ್ಲಾಸ್, ಇಲ್ಲದಿದ್ದರೆ 85 ದಾಟಿದೆಯಾ ನೋಡಿ ಡಿಸ್ಟಿಂಕ್ಷನ್ ಅಂತ ಮಕ್ಕಳು ಬರೆದು 90 ಕೊಟ್ಟರು. ಫಸ್ಟ್ ಕ್ಲಾಸ್ ಅಂತ ಬಂತು. ಮೊದಲ ಪ್ರಶ್ನೆಗೇ ‘ಹೌದು’ ಸಿಕ್ಕಿಬಿಟ್ಟಿತಲ್ವಾ ಅಂತ ಅವರೇ ಹೇಳಿ, 85ನ್ನು ಮೇಲಕ್ಕೆ ತಂದರು.

ಕಳೆದ ಶನಿವಾರ ಅದೇ ಹುಡುಗಿ ಮತ್ತೆ ಕರೆದಳು. ಈಗ ಬೆಕ್ಕು ಇಲಿಯನ್ನು ಮುಟ್ಟಿದ ಮೇಲೆ ಅಲ್ಲೇ ಅಂಟಿಕೊಂಡಿದೆ, ಬಾಣದ ಕೀ ಒತ್ತಿದರೂ ಕದಲುವುದಿಲ್ಲ. ನಡೆಯುವ ಬ್ಲಾಕೂ ಕಾಯುವ ಬ್ಲಾಕೂ ಒಂದೇ ಫಾರೆವರ್ ಒಳಗಿದ್ದವು. ನನಗೆ ಗೊತ್ತಾಯಿತು, ಬಾಯಿ ಬಿಡಲಿಲ್ಲ. ಅವಳು ಪರದೆಯನ್ನೇ ನೋಡುತ್ತಾ ತನ್ನಷ್ಟಕ್ಕೆ ಹೇಳಿಕೊಂಡಳು: “ಮುಟ್ಟದೆ ಇರೋ ತನಕ ಕಾಯ್ತಾ ಇದೆ... ಕಾಯ್ತಾ ಇರೋದಕ್ಕೆ ನಡೀತಾ ಇಲ್ಲ... ನಡೀದೆ ಹೇಗೆ ಬಿಡುತ್ತೆ?” ಆಮೇಲೆ ನನ್ನ ಕಡೆ ತಿರುಗಿದಳು.

“ಮಿಸ್, ಎರಡು ಕಂಪ್ಯೂಟರ್ ಬೇಕು. ಒಂದು ನಡೆಯೋಕೆ, ಒಂದು ಕೇಳೋಕೆ.”

ಹಾಗಂದು ಇನ್ನೊಂದು ಹಸಿರು ಬಾವುಟವನ್ನು ಎಳೆದು ತಂದು ಪಕ್ಕದಲ್ಲಿ ಇಟ್ಟಳು.