ಬೀಪ್ ಬರೋ ತನಕ

ಮುಳಬಾಗಿಲು ಕಡೆ ಒಂದು ಪಂಚಾಯ್ತೀಲಿ ಮೂರು ವರ್ಷ ಅಂತರ್ಜಲ ಪ್ರಾಜೆಕ್ಟಲ್ಲಿದ್ದೆ. ಬೆಳಗ್ಗೆ ಬೋರ್ ರೀಡಿಂಗು, ಮಧ್ಯಾಹ್ನ ಊರಿನ ನೀರಿನ ಜಮಾ-ಖರ್ಚು ನೋಡೋ ವಾಟರ್ ಬಜೆಟ್ ಮೀಟಿಂಗು, ರಾತ್ರಿ ಎಂಐಎಸ್ ಅನ್ನೋ ಪ್ರಾಜೆಕ್ಟಿನ ಆನ್‌ಲೈನ್ ಲೆಕ್ಕದಲ್ಲಿ ಎಂಟ್ರಿ, ನಡುವೆ ಜಿಯೋಟ್ಯಾಗ್ ಫೋಟೋ ಸರಿಯಿಲ್ಲ ಅಂತ ಡಿಸ್ಟ್ರಿಕ್ಟ್ ಟೀಮಿಂದ ಬೈಗುಳ.

ಎರಡನೇ ವರ್ಷ ನನಗೊಂದು ಮುದ್ದಿನ ಪ್ಲಾಟ್ ಇತ್ತು. ಒಂದೂವರೆ ಎಕರೆ ಟೊಮೇಟೊ, ಮೊದ್ಲು ಸಾಲಲ್ಲಿ ನೀರು ಹಾಯಿಸ್ತಿದ್ರು, ನಾನು ಹಿಂದೆ ಬಿದ್ದು ಸಬ್ಸಿಡೀಲಿ ಡ್ರಿಪ್ಪು, ಮಲ್ಚಿಂಗ್ ಶೀಟು ಎಲ್ಲಾ ಹಾಕ್ಸಿದ್ದೆ. ಡ್ರಮ್ಮು, ಸ್ಟಾಪ್‌ವಾಚು ಇಟ್ಕೊಂಡು ಲೆಕ್ಕ ಹಾಕಿದ್ರೆ ಎಕರೆಗೆ ಹತ್ತಿರತ್ತಿರ ಅರ್ಧ ನೀರು ಉಳಿದಿತ್ತು. ಲೆಕ್ಕ ಸುಳ್ಳಲ್ಲ, ಈಗ್ಲೂ ಹೇಳ್ತೀನಿ.

ಮೇ ತಿಂಗಳು, ಪ್ರಿ-ಮಾನ್ಸೂನ್ ರೀಡಿಂಗ್ ಟೈಮಲ್ಲಿ ಬೆಂಗಳೂರಿಂದ ದೊಡ್ಡವರು ಬಂದ್ರು. ಪಿಪಿಟಿ ತೋರಿಸಿ ಸುಮ್ಮನಿದ್ದಿದ್ರೆ ಆಗ್ತಿತ್ತು. ನಾನೇ ಜಂಬದಲ್ಲಿ, ಬನ್ನಿ ಸಾರ್ ಆ ಬೋರಲ್ಲೇ ಎಲ್ಲರೆದುರು ಲೆವೆಲ್ ನೋಡೋಣ ಅಂದ್ಬಿಟ್ಟೆ.

ಹೋದ ಮೇನಲ್ಲಿ ನೀರು 128 ಮೀಟರ್ ಆಳದಲ್ಲಿತ್ತು. ನೀರು ತಾಗಿದ ಕೂಡ್ಲೇ ಬೀಪ್ ಅನ್ನೋ ಟೇಪ್ ಬೋರೊಳಗೆ ಬಿಟ್ಟೆ. 90ರ ಹತ್ರ ಮೋಟರ್ ಕೇಬಲ್ ಕಟ್ಟಿರೋ ಗಂಟಿಗೆ ಸಿಕ್ಕಾಕ್ಕೊಳ್ತು, ಅಲ್ಲಾಡಿಸಿ ಬಿಡಿಸ್ದೆ. 120 ಆಯ್ತು, 128 ಆಯ್ತು, ಬೀಪ್ ಇಲ್ಲ. 135. ಸುತ್ತ ಮೂವತ್ತು ಜನ, ಯಾರೂ ಮಾತಾಡ್ತಿಲ್ಲ, ರೀಲ್ ಕಿರುಗುಟ್ಟೋದೊಂದೇ ಸದ್ದು. ಬ್ಯಾಟರಿ ಹೋಗಿರ್ಬೇಕು ಅಂತ ಬಟನ್ ಒತ್ತಿ ನೋಡ್ದೆ, ಅದು ಚೆನ್ನಾಗೇ ಕೂಗ್ತು, ಹಾಳಾದ್ದು. 145. ಅಂಗೈ ಬೆವರಿ ಟೇಪ್ ಜಾರ್ತಿದೆ. 152ಕ್ಕೆ ಬೀಪ್ ಬಂತು. ಅಂದ್ರೆ ಹೆಚ್ಚುಕಮ್ಮಿ 500 ಅಡಿ.

"ಇದು ಪಂಪಿಂಗ್ ಲೆವೆಲ್ ಸಾರ್, ಮೋಟರ್ ಓಡುವಾಗ ನೀರು ಕೆಳಗಿಳಿದಿರತ್ತೆ, ಈಗ್ತಾನೆ ಆಫ್ ಆಗಿರ್ಬೇಕು" ಅಂತ ಸಮಜಾಯಿಷಿ ಶುರು ಮಾಡ್ದೆ. ರೈತ ಪಾಪ ನಿಜ ಹೇಳ್ಬಿಟ್ಟ, ನಿನ್ನೆ ಮಧ್ಯಾಹ್ನದಿಂದ ಕರೆಂಟೇ ಇಲ್ಲ ಅಂತ.

ಆಗ ಬೇವಿನ ಮರದಡಿ ಕೂತಿದ್ದ ಅಜ್ಜಿ ಒಬ್ರು, ಸಂಘದೋರು, ಕೂತಲ್ಲಿಂದಾನೇ ಅಂದ್ರು: "ಡ್ರಿಪ್ ಬಂದ್ಮೇಲೆ ಅದೇ ನೀರಲ್ಲಿ ನಾಲ್ಕೆಕರೆ ಮಾಡ್ಕೊಂಡವ್ನೆ. ಮೋಟ್ರು ಒಂದು ಗಂಟೆನಾದ್ರೂ ಕಮ್ಮಿ ಓಡೈತಾ? ಉಳಿದ ನೀರು ಎಲ್ಲೈತೆ ತೋರ್ಸಪ್ಪ."

ಆ ನಾಲ್ಕೆಕರೆ ನಾನೂ ನೋಡಿದ್ದೆ. ಮಳೆ ರಾಗಿ ಬಿತ್ತಿದ್ದ ಜಾಗದಲ್ಲಿ ಹಿಪ್ಪುನೇರಳೆ, ಇನ್ನೊಂದು ಕಡೆ ಮತ್ತೆ ಟೊಮೇಟೊ. ಭೇಷ್ ಅಂತ ಬೆನ್ನು ತಟ್ಟಿ ಫೋಟೋ ಬೇರೆ ತೆಗೆದು ಸಕ್ಸಸ್ ಸ್ಟೋರಿ ಬರ್ದಿದ್ದೆ, ಒಟ್ಟು ಎಷ್ಟು ಗಂಟೆ ಪಂಪ್ ಓಡ್ತಿದೆ ಅಂತ ಒಂದು ದಿನಾನೂ ಕೇಳಿರ್ಲಿಲ್ಲ. ಸಾಲಲ್ಲಿ ಹಾಯಿಸುವಾಗ ಒಂದಿಷ್ಟಾದ್ರೂ ಇಂಗಿ ಕೆಳಗೆ ಹೋಗ್ತಿತ್ತು, ಈಗ ಅದೂ ಇಲ್ಲ. ಆ ವರ್ಷ ಮಳೆನೂ ಕೈ ಕೊಟ್ಟಿತ್ತು ಅನ್ನಿ, ಆದ್ರೆ ಅಲ್ಲಿ ನಿಂತು ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ.

ರೈತನ್ನ ಏನಂತ ಬೈಯೋದು? 10 ಎಚ್‌ಪಿ ತನಕ ಕರೆಂಟ್ ಫ್ರೀ, ಬರೋದು ಹೊತ್ತಲ್ಲದ ಹೊತ್ತಲ್ಲಿ, ಆಟೋ ಸ್ಟಾರ್ಟರ್ ಹಾಕಿ ಮಲಗ್ತಾರೆ, ಬಂದಷ್ಟು ಹೊತ್ತೂ ಓಡತ್ತೆ. ಬೋರ್ ಸಾಲ ತೀರ್ಬೇಕು ಅಂದ್ರೆ ಕೋಲಾರ ಮಾರ್ಕೆಟಲ್ಲಿ ಒಂದ್ಸಲ ಬಾಕ್ಸಿಗೆ ರೇಟ್ ಹತ್ಬೇಕು, ಆ ಆಸೆಗೆ ಇನ್ನೊಂದೆಕರೆ.

ಆಮೇಲಿಂದ ಡ್ರಿಪ್ ಅರ್ಜಿ ಬರ್ಸೋಕೆ ಮುಂಚೆ ಎರಡೇ ಕೇಳ್ತಿದ್ದೆ: ಒಟ್ಟು ಎಷ್ಟೆಕರೆ ನೀರಾವರಿ ಮಾಡ್ತೀರ, ಮೋಟರ್ ಎಷ್ಟು ಗಂಟೆ. ಪಂಪ್‌ಹೌಸ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗಂಟೆ ಬರೀರಿ ಅಂದ್ರೆ ಒಂದೈದಾರು ಜನ ಬರ್ದ್ರು. ನನ್ನ ಪ್ಲಾಟಿನವ್ರು ಎರಡೆಕರೆ ವಾಪಸ್ ರಾಗಿಗೆ ಬಿಟ್ರು, ನನ್ನ ಮಾತಿಗಲ್ಲ, ಟೊಮೇಟೊ ರಸ್ತೆಗೆ ಸುರಿಯೋ ರೇಟ್ ಬಂತು ಅಂತ.

ಎಂಐಎಸ್‌ನಲ್ಲಿ ಪಂಪ್ ಗಂಟೆಗೊಂದು ಕಾಲಂ ಕೊಡಿ ಅಂತ ಎರಡು ಸಲ ಮೇಲ್ ಹಾಕ್ದೆ. ಟಾರ್ಗೆಟ್ ಇರೋದು ಡ್ರಿಪ್ ಹೆಕ್ಟೇರಿಗೆ, ಅದನ್ನ ಮೊದ್ಲು ಮುಗಿಸಿ ಅಂತ ಉತ್ತರ. ಸರಿ ಅಂತ ರಿಮಾರ್ಕ್ಸಲ್ಲೇ ಬರೀತಿದ್ದೆ, ಸೇವ್ ಒತ್ತಿದ್ರೆ ಎಷ್ಟೋ ಸಲ ಅದೊಂದು ಬಾಕ್ಸೇ ಖಾಲಿ ಆಗ್ತಿತ್ತು.