ಶುಗರ್ 110, ಆದ್ರೆ ಗುಳಿಗೆ ನುಂಗಿದ್ದು ನೆನಪಿಲ್ಲ

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟವರಿಗೆ ಗಲ್ಲಿಯ ಅರ್ಧ ಮಂದಿಯ ಶುಗರ್ ಎಷ್ಟು ಅಂತ ಬಾಯಿಪಾಠ ಇರುತ್ತದೆ. ನಾವು ಕೇಳಬೇಕಾಗಿಯೇ ಇಲ್ಲ, ಅವರೇ ಹೇಳುತ್ತಾರೆ. ಫಾಸ್ಟಿಂಗ್ 130, ಊಟ ಆದ ಮೇಲೆ 190, ಮೂರು ತಿಂಗಳ ಶುಗರ್ (ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ) ಏಳೂವರೆ. ಆ ನಂಬರ್ ಇಳಿದರೆ ಖುಷಿ, ಏರಿದರೆ ಮನೆಯಲ್ಲಿ ಜಗಳ. ಅದನ್ನು ಬಿಟ್ಟು ಬೇರೆ ಏನನ್ನೂ ಯಾರೂ ನೋಡುವುದಿಲ್ಲ.

ಆದರೆ ಕೌಂಟರಿನ ಈ ಕಡೆ ನಿಂತ ನನಗೆ, ಅರವತ್ತೈದು ದಾಟಿದ ಶುಗರಿನವರಲ್ಲಿ ನಂಬರಿಗಿಂತ ಮೊದಲು ಕಾಣುವುದು ಬೇರೆಯೇ. ಚೀಟಿ ಕೈಯಲ್ಲೇ ಇರುತ್ತದೆ, ಅಂಗಡಿಗೆ ಯಾಕೆ ಬಂದೆ ಅಂತ ಮರೆತಿರುತ್ತಾರೆ. ಜೀವನವಿಡೀ ಕಿರಾಣಿ ಲೆಕ್ಕವನ್ನು ಬಾಯಲ್ಲೇ ಹಾಕಿದ ಮನುಷ್ಯ 500ರ ನೋಟಿನ ಚಿಲ್ಲರೆ ಎಣಿಸೋಕೆ ತಡಕಾಡುತ್ತಾರೆ. ತಿಂಗಳ ಗುಳಿಗೆ ಪೂರ್ತಿ ಒಯ್ದವರು ನಾಲ್ಕು ದಿನಕ್ಕೆ ಮತ್ತೆ ಅದೇ ಚೀಟಿ ಹಿಡಿದು ಬರುತ್ತಾರೆ.

"ಏನ್ರೀ ಕಾಕಾ, ಮೊನ್ನಿ ಒಯ್ದೀರಲ್ಲ?"

"ಹೌದೇನವ್ವಾ? ಮನ್ಯಾಗ ಒಂದೂ ಕಾಣ್ಸವಲ್ಲದು."

ಮನೆಯವರಿಗೆ ಹೇಳಿದರೆ ಸಿಗುವುದು ಒಂದೇ ಉತ್ತರ. ವಯಸ್ಸಾಯ್ತಲ್ಲ ರೀ, ಅರವತ್ತಕ್ಕೆ ಅರಳು ಮರಳು. ಇದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸಿನದ್ದು ಇರಬಹುದು. ಆದರೆ ಟೈಪ್ 2 ಶುಗರ್ ಇರುವವರಿಗೆ ಮುಂದೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಗ್ಗುತ್ತಾ ಹೋಗುವ ಕಾಯಿಲೆ, ಬರುವ ಸಾಧ್ಯತೆ ಶುಗರ್ ಇಲ್ಲದ ಅದೇ ವಯಸ್ಸಿನವರಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. 1999ರಲ್ಲೇ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ವಯಸ್ಸಾದವರನ್ನು ವರ್ಷಗಟ್ಟಲೆ ನೋಡಿದ ದೊಡ್ಡ ಅಧ್ಯಯನದಲ್ಲಿ ಅದು ಹತ್ತಿರ ಹತ್ತಿರ ಎರಡು ಪಟ್ಟು ಅಂತ ಬಂದಿತ್ತು. ಶುಗರ್ ಇದ್ದವರಿಗೆಲ್ಲ ಬರುತ್ತದೆ ಅಂತ ಅಲ್ಲ, ಬಹಳಷ್ಟು ಮಂದಿಗೆ ಬರುವುದೇ ಇಲ್ಲ. ಆದರೂ ಕಣ್ಣು, ಕಿಡ್ನಿ, ಪಾದ ಅಂತ ಹೆದರಿಸುವ ನಾವು ಮಿದುಳಿನ ಹೆಸರನ್ನೇ ಎತ್ತುವುದಿಲ್ಲ, ಅಲ್ವಾ?

ಮಿದುಳು ದೇಹದ ತೂಕದಲ್ಲಿ ಬರೀ 2% ಇದ್ದರೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20% ಅದಕ್ಕೇ ಬೇಕು. ಅದು ರಕ್ತದಲ್ಲಿ ಬರುವ ಗ್ಲೂಕೋಸನ್ನೇ ನಂಬಿಕೊಂಡಿದೆ. ಆ ರಕ್ತ ಮಿದುಳಿನ ಒಳಗೆ ತಲುಪುವುದು ಕೂದಲಿಗಿಂತ ಸಣ್ಣ ನಾಳಗಳಲ್ಲಿ. ಶುಗರ್ ಮತ್ತು ಬಿಪಿ ಎರಡೂ ಸೇರಿ ವರ್ಷಗಟ್ಟಲೆ ಆ ನಾಳಗಳ ಗೋಡೆಯನ್ನು ಕೆಡಿಸುತ್ತವೆ. ಕಾಲುವೆ ಹೂಳು ತುಂಬಿದಾಗ ಮೊದಲು ಒಣಗುವುದು ಕೊನೆಯ ಹೊಲ, ಇಲ್ಲೂ ಹಾಗೇ. ಮಿದುಳಿನ ಆಳದಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಜಾಗ ಸತ್ತುಹೋಗುತ್ತದೆ. ಕೈಕಾಲು ಬೀಳುವುದಿಲ್ಲ, ಬಾಯಿ ಸೊಟ್ಟ ಆಗುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ. ಎಂಆರ್‌ಐ ಮಾಡಿಸಿದರೆ ಬಿಳಿ ಮಚ್ಚೆಗಳು, ಸಣ್ಣ ತೂತುಗಳು ಕಾಣುತ್ತವೆ, ಮಿದುಳೂ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಕುಗ್ಗಿರುತ್ತದೆ. ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಕೂಡ.

ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್ ಅಂದ್ರೆ ಟೈಪ್ 3 ಶುಗರ್ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಹಾಗೊಂದು ಕಾಯಿಲೆಯ ಹೆಸರು ವೈದ್ಯರ ಪಟ್ಟಿಯಲ್ಲಿ ಇಲ್ಲ. ಮಿದುಳಿನಲ್ಲೂ ಇನ್ಸುಲಿನ್‌ಗೆ ಕೆಲಸ ಇದೆ, ಅದು ಸರಿಯಾಗಿ ನಡೆಯದಿದ್ದರೆ ತೊಂದರೆ ಅನ್ನುವ ಸಂಶೋಧನೆ ಇದೆ, ನಿಜ. ಆದರೆ ತೀರಿಹೋದವರ ಮಿದುಳು ಪರೀಕ್ಷೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಶುಗರಿನ ಜೊತೆ ಹೆಚ್ಚಾಗಿ ಕಂಡದ್ದು ರಕ್ತನಾಳದ ಹಾನಿಯೇ ಹೊರತು ಅಲ್ಜೈಮರಿನ ಗಂಟುಗಳಲ್ಲ.

ಈ ತರಹದ ಹಾನಿಯಲ್ಲಿ ಮೊದಲು ಹೋಗುವುದು ಹಳೆಯ ನೆನಪಲ್ಲ. ಅದಕ್ಕೇ ಮನೆಯವರು ಮೋಸ ಹೋಗುವುದು. ನಮ್ಮ ಅತ್ತೆಗೆ ತಮ್ಮ ಮದುವೆಯ ದಿನ ಯಾರು ಯಾವ ಸೀರೆ ಉಟ್ಟಿದ್ದರು ಅಂತ ಎಲ್ಲ ನೆನಪಿದೆ ರೀ, ಆಕೆಗೆ ಏನಾಗಿದೆ ಅಂತ ಕೇಳುತ್ತಾರೆ. ಇರುತ್ತದೆ. ಮೊದಲು ನಿಧಾನ ಆಗುವುದು ಯೋಚನೆಯ ವೇಗ, ಗಮನ, ಮತ್ತು ಒಂದಾದ ಮೇಲೊಂದು ಕೆಲಸವನ್ನು ಹೊಂದಿಸಿಕೊಳ್ಳುವ ಶಕ್ತಿ. ಕಣ್ಣಿ ಮಾರ್ಕೆಟಿಗೆ ಹೋಗಿ ನಾಲ್ಕು ತರಹದ ಕಾಯಿಪಲ್ಲೆ ತಂದು ಲೆಕ್ಕ ಒಪ್ಪಿಸುವುದು. ಒಲೆ ಮೇಲೆ ಬೇಳೆ ಇಟ್ಟು, ಈ ಕಡೆ ರೊಟ್ಟಿ ಬಡಿಯುತ್ತಾ, ಬಾಗಿಲಿಗೆ ಬಂದವರ ಜೊತೆ ಮಾತಾಡುವುದು. ಮತ್ತೆ, ಬೆಳಿಗ್ಗೆ ತಿಂಡಿಗೆ ಮೊದಲು ಒಂದು, ಮಧ್ಯಾಹ್ನ ಊಟದ ಮೇಲೆ ಅರ್ಧ, ರಾತ್ರಿ ಎರಡು, ಇನ್ಸುಲಿನ್ 14 ಯೂನಿಟ್, ಸೂಜಿ ಹಾಕಿ ಅರ್ಧ ತಾಸಿನೊಳಗೆ ಊಟ. ನೋಡಿ, ಶುಗರಿನ ಔಷಧಿ ಸರಿಯಾಗಿ ತಗೊಳ್ಳೋಕೆ ಬೇಕಾದ ಶಕ್ತಿ ಯಾವುದೋ, ಶುಗರ್ ಮೊದಲು ಕೈ ಹಾಕುವುದು ಅದಕ್ಕೇ. ಅಂಥವರ ಕೈಗೆ ಐದಾರು ಬಣ್ಣದ ಗುಳಿಗೆ ಕೊಟ್ಟು ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ ಗೀಚಿ ಕಳಿಸುತ್ತೇವೆ.

ಇನ್ನು ನಾನು ಈ ಪೋಸ್ಟ್ ಬರೆಯೋಕೆ ಕೂತ ಅಸಲಿ ಕಾರಣಕ್ಕೆ ಬರುತ್ತೇನೆ. ಲೋ ಶುಗರ್.

ನಮ್ಮ ಮಂದಿಗೆ ಶುಗರ್ ಏರುವುದರ ಹೆದರಿಕೆ ಇದೆ, ಇಳಿಯುವುದರ ಹೆದರಿಕೆ ಇಲ್ಲ. ಎಷ್ಟು ಇಳಿದರೆ ಅಷ್ಟು ಚಲೋ ಅಂದುಕೊಂಡಿದ್ದಾರೆ. 70ಕ್ಕಿಂತ ಕೆಳಗೆ ಬಂದರೆ ಅದು ಲೋ, 54ಕ್ಕಿಂತ ಕೆಳಗೆ ಬಂದರೆ ಮಿದುಳಿಗೇ ಗ್ಲೂಕೋಸ್ ಸಾಲದು. ಕಡಿಮೆ ವಯಸ್ಸಿನವರಾದರೆ ಕೈ ನಡುಗುತ್ತದೆ, ಬೆವರುತ್ತದೆ, ಹಸಿವಾಗುತ್ತದೆ, ಏನೋ ಆಗ್ತಿದೆ ಅಂತ ತಾವೇ ಹೇಳುತ್ತಾರೆ. ಎಪ್ಪತ್ತೈದರ ಅಜ್ಜಿ ಹೇಳುವುದಿಲ್ಲ. ಸುಮ್ನೆ ಕೂತುಬಿಡುತ್ತಾರೆ. ಮಾತು ತೊದಲುತ್ತದೆ, ಮಗನನ್ನೇ ಯಾರು ನೀನು ಅನ್ನುತ್ತಾರೆ, ಇಲ್ಲದಿದ್ದರೆ ಸಿಡಿಮಿಡಿ ಮಾಡುತ್ತಾರೆ. ಬಿಪಿಗೆ ಅಂತ ಕೊಡುವ ಕೆಲವು ಗುಳಿಗೆಗಳು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಡುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಅದೂ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬೆವರು ನೋಡಿ ಯಾರು ಏನು ತಿಳಿದುಕೊಳ್ಳಬೇಕು? ಬಿಸಿಲು ಹೊಡೆದಿರಬೇಕು, ಮಲಗಿಸಿ ಅಂತಾರೆ. ಮಲಗಿಸುವುದೇ ಅಪಾಯ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೈಪ್ 2 ಶುಗರ್ ಇದ್ದ 16,667 ಹಿರಿಯರ ದಾಖಲೆ ಹಿಡಿದು ಮಾಡಿದ ಅಧ್ಯಯನ 2009ರಲ್ಲಿ ಪ್ರಕಟ ಆಯಿತು. ಲೋ ಆಗಿ ಆಸ್ಪತ್ರೆ ಸೇರಿದ್ದವರಲ್ಲಿ ಮುಂದೆ ಡಿಮೆನ್ಷಿಯಾ ಜಾಸ್ತಿ. ಒಂದು ಸಲ ಆದವರಿಗೆ ಸ್ವಲ್ಪ, ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಆದವರಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಇದು ಉಲ್ಟಾ ಕೂಡ ನಡೆಯುತ್ತದೆ. ಮರೆವು ಇದ್ದವರು ಗುಳಿಗೆ ಎರಡು ಸಲ ನುಂಗುತ್ತಾರೆ, ಊಟ ಮರೆಯುತ್ತಾರೆ, ಅದಕ್ಕೇ ಲೋ ಆಗುತ್ತದೆ. ಒಂದನ್ನೊಂದು ಎಳೆಯುತ್ತವೆ.

ಹಾಗಾದರೆ ಶುಗರನ್ನು ಗಟ್ಟಿಯಾಗಿ ಹಿಡಿದಿಟ್ಟರೆ ಮಿದುಳು ಉಳಿಯುತ್ತದಾ? ಅದನ್ನೂ ನೋಡಿದ್ದಾರೆ. ಅಕಾರ್ಡ್ ಅಂತ ಅಮೆರಿಕ, ಕೆನಡಾದಲ್ಲಿ 10,000ಕ್ಕೂ ಹೆಚ್ಚು ಮಂದಿಯ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಮಂದಿಗೆ ಮೂರು ತಿಂಗಳ ಶುಗರ್ 6ಕ್ಕಿಂತ ಕೆಳಗೆ ತರೋಕೆ ಹೋದರು, ಉಳಿದವರಿಗೆ 7ರಿಂದ 7.9ರ ನಡುವೆ ಬಿಟ್ಟರು. ಬಿಗಿ ಮಾಡಿದ ಗುಂಪಿನಲ್ಲಿ ಸಾವು ಜಾಸ್ತಿ ಆದದ್ದರಿಂದ 2008ರಲ್ಲಿ ಆ ಭಾಗವನ್ನೇ ನಿಲ್ಲಿಸಬೇಕಾಯಿತು. ಅವರಲ್ಲೇ ಸುಮಾರು 3,000 ಮಂದಿಯ ನೆನಪು, ಯೋಚನೆಯನ್ನು 40 ತಿಂಗಳು ಪರೀಕ್ಷೆ ಮಾಡಿ 2011ರಲ್ಲಿ ಫಲಿತಾಂಶ ಕೊಟ್ಟರು. ಬಿಗಿ ಗುಂಪಿನವರ ಮಿದುಳು ಸ್ವಲ್ಪ ಕಡಿಮೆ ಕುಗ್ಗಿತ್ತು. ಆದರೆ ನೆನಪಿನ ಪರೀಕ್ಷೆಯಲ್ಲಿ ಏನೂ ವ್ಯತ್ಯಾಸ ಇಲ್ಲ.

ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹಿರಿಯರಿಗೆ ಬೇರೆ ಗುರಿ ಇಟ್ಟಿದೆ. ಗಟ್ಟಿಮುಟ್ಟಾಗಿ ಇದ್ದವರಿಗೆ ಮೂರು ತಿಂಗಳ ಶುಗರ್ 7ರಿಂದ 7.5ರ ಕೆಳಗೆ. ಮರೆವು ಶುರುವಾಗಿದ್ದರೆ, ಬೇರೆ ಕಾಯಿಲೆಗಳೂ ಇದ್ದರೆ 8ರ ಕೆಳಗೆ ಇದ್ದರೆ ಸಾಕು. ಇನ್ನೂ ಕೆಟ್ಟಿದ್ದರೆ ಆ ನಂಬರನ್ನೇ ನಂಬಿ ಕೂರಬೇಡಿ, ಲೋ ಆಗದ ಹಾಗೆ, ತೀರಾ ಏರದ ಹಾಗೆ ನೋಡಿಕೊಳ್ಳಿ ಅನ್ನುತ್ತದೆ. 65 ದಾಟಿದ ಶುಗರಿನವರಿಗೆ ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆಯೂ ಆಗಬೇಕು. ಇಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸುವವರೇ ಕಡಿಮೆ, ಇನ್ನು ಇದು ದೂರದ ಮಾತು. ಆದರೆ 78 ವಯಸ್ಸಿನ ಮುತ್ಯಾನ ಮೂರು ತಿಂಗಳ ಶುಗರ್ 6.2 ಬಂದಿದೆ ಅಂತ ಮನೆಯವರು ಪೇಡಾ ಹಂಚಿದರೆ, ಮುತ್ಯಾಗೆ ಒಂದು ತುಂಡು ಕೊಟ್ಟು ಡಾಕ್ಟರ್ ಹತ್ತಿರ ಕರಕೊಂಡು ಹೋಗಿ ಅಂತ ನನಗೆ ಅನ್ನಿಸುತ್ತದೆ.

ಲೋ ಮಾಡುವುದು ಎಲ್ಲ ಗುಳಿಗೆಗಳೂ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಲೋ ಆಗುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಮತ್ತೆ ಇನ್ಸುಲಿನ್, ಇವುಗಳಿಂದ ಆಗುತ್ತದೆ. ಗ್ಲಿಬೆನ್‌ಕ್ಲಮೈಡ್ ದೇಹದಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಕಿಡ್ನಿ ನಿಧಾನ ಆದವರಲ್ಲಿ ಇನ್ನೂ ಜಾಸ್ತಿ, ಅದಕ್ಕೇ ವಯಸ್ಸಾದವರಿಗೆ ಬೇಡ ಅನ್ನುತ್ತಾರೆ. ಇಷ್ಟಾಗಿಯೂ ಹತ್ತು ವರ್ಷದ ಹಿಂದಿನ ಚೀಟಿ ಮಡಚಿ ಮಡಚಿ ಹರಿದುಹೋಗಿರುತ್ತದೆ, ಅದನ್ನೇ ತಂದು ಇದೇ ಕೊಡ್ರಿ ಅನ್ನುತ್ತಾರೆ. ಜೇವರ್ಗಿಯ ಡಾಕ್ಟರ್ ಒಂದು ಹೆಸರಿನದ್ದು ಬರೆದಿರುತ್ತಾರೆ, ಮಗಳ ಮನೆಗೆ ಬಂದಾಗ ಇಲ್ಲಿಯವರು ಇನ್ನೊಂದು ಹೆಸರಿನದ್ದು. ಒಳಗಿನ ಔಷಧಿ ಎರಡರಲ್ಲೂ ಒಂದೇ. ಅಜ್ಜಿ ಎರಡನ್ನೂ ನುಂಗುತ್ತಿರುತ್ತಾರೆ. ಇದು ನಾನು ನೋಡುವ ಮಾಮೂಲಿ ಸಂಗತಿ. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ನೋಡಿ ಹೇಳುತ್ತೇನೆ ಅಂದರೆ ಹತ್ತರಲ್ಲಿ ಒಬ್ಬರು ತರುತ್ತಾರೆ.

ಉಪವಾಸದ ವಿಷಯವೂ ಇದೆ. ಶ್ರಾವಣ ಸೋಮವಾರ, ಏಕಾದಶಿ ಅಂತ ಊಟ ಬಿಡುತ್ತಾರೆ, ಗುಳಿಗೆ ಮಾತ್ರ ಬಿಡುವುದಿಲ್ಲ, ಡಾಕ್ಟರ್ ಒಂದು ದಿನವೂ ತಪ್ಪಿಸಬೇಡಿ ಅಂದಿದ್ದಾರಂತೆ. ರೋಜಾ ಇಡುವ ಹಿರಿಯರು ರಂಜಾನಿಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ ಡೋಸು, ಹೊತ್ತು ಬದಲಿಸಿಕೊಳ್ಳಬೇಕು. ರೋಜಾ ಇಡಬೇಕೋ ಬೇಡವೋ ಅನ್ನುವುದನ್ನೂ ಆಗಲೇ ಕೇಳಬೇಕು. ಇನ್ನು ಜೋಳದ ರೊಟ್ಟಿ ತಿನ್ನುವವರಿಗೆ ಏನೂ ಆಗಲ್ಲ ಅನ್ನುವ ಮಾತು. ರೊಟ್ಟಿ ಒಳ್ಳೆಯದೇ, ಅದರ ಜೊತೆ ದಿನಕ್ಕೆ ಆರು ಸಲ ಸಕ್ಕರೆ ಚಹಾ ಇದೆಯಲ್ಲ?

ಮರೆವಿಗೆ ಕಾರಣ ಎಲ್ಲ ಸಲ ಮಿದುಳಿನ ಹಾನಿಯೇ ಆಗಬೇಕಿಲ್ಲ. ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆ ಆಗಬಹುದು. ಮೇಲೆ ಮಾಂಸ ಮೊಟ್ಟೆ ಮುಟ್ಟದ ಮನೆ ಆದರೆ ಕೇಳುವುದೇ ಬೇಡ. ಬಿ12 ಕಡಿಮೆ ಆದರೂ ಮರೆವು ಬರುತ್ತದೆ, ಪಾದ ಜೋಮು ಹಿಡಿಯುತ್ತದೆ. ಪಾದದ ಜೋಮನ್ನು ಶುಗರಿನದ್ದು ಅಂತ, ಮರೆವನ್ನು ವಯಸ್ಸಿನದ್ದು ಅಂತ ಹಂಚಿಬಿಟ್ಟು ರಕ್ತ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಇದು ಸರಿ ಮಾಡಬಹುದಾದದ್ದು. ಥೈರಾಯ್ಡ್, ಕಿವಿ ಕೇಳದಿರುವುದು, ಗಂಡ ಹೋದ ಮೇಲಿನ ಮಂಕು, ಇವುಗಳನ್ನೂ ಒಮ್ಮೆ ನೋಡಿಸಬೇಕು.

ನಲವತ್ತರ ಆಸುಪಾಸಿನವರಿಗೂ ಒಂದು ಮಾತು. ಇಂಗ್ಲೆಂಡಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ನೋಡಿದ ವೈಟ್‌ಹಾಲ್ ಅಧ್ಯಯನದಿಂದ 2021ರಲ್ಲಿ ಗೊತ್ತಾದದ್ದು, ಶುಗರ್ ಎಷ್ಟು ಬೇಗ ಬಂತೋ ಡಿಮೆನ್ಷಿಯಾದ ಅಪಾಯ ಅಷ್ಟು ಜಾಸ್ತಿ. 70ನೇ ವಯಸ್ಸಿಗೆ ಬರುವಾಗ ಹತ್ತು ವರ್ಷಕ್ಕಿಂತ ಹಳೆಯ ಶುಗರ್ ಇದ್ದವರಿಗೆ ಎರಡು ಪಟ್ಟು. ನಮ್ಮ ದೇಶದಲ್ಲಿ ಶುಗರ್ ಬರುವುದೇ ಬೇಗ. 2023ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದ ಪ್ರಕಾರ 10 ಕೋಟಿಗೂ ಜಾಸ್ತಿ ಮಂದಿಗೆ ಇದೆ. ಹಾಗಾಗಿ ಬಿಗಿ ಮಾಡಬೇಕಾದದ್ದು ಈಗ, ನಿಮ್ಮದು. ಶುಗರ್, ಬಿಪಿ, ಬೀಡಿ ಸಿಗರೇಟು, ನಡೆಯುವುದು ಎಲ್ಲ. ಅಪ್ಪನ ಮೇಲೆ ತೋರಿಸುವ ಶಿಸ್ತನ್ನು ತಮ್ಮ ಮೇಲೆ ತೋರಿಸುವವರು ನನಗೆ ಕಂಡಿದ್ದು ಕಡಿಮೆ.

ಮನೆಯಲ್ಲಿ ಹಿರಿಯರಿಗೆ ದಿಢೀರ್ ಅಂತ ಏನೋ ಆದರೆ, ತಬ್ಬಿಬ್ಬಾದರೆ, ಮೊದಲು ಶುಗರ್ ನೋಡಿ. ಮಷಿನ್ ಇಲ್ಲದಿದ್ದರೆ ಲೋ ಅಂತಲೇ ತಿಳಿದು, ಎಚ್ಚರ ಇದ್ದರೆ, ನುಂಗುತ್ತಿದ್ದರೆ, ಮೂರ್ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ. ಇನ್ನೂ 70ರ ಮೇಲೆ ಬಂದಿಲ್ಲ ಅಂದ್ರೆ ಇನ್ನೊಮ್ಮೆ ಕುಡಿಸಿ. ಸರಿಹೋದ ಮೇಲೆ ಊಟ ಕೊಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಮಾತು ತೊದಲುವುದು, ಮುಖ ವಾರೆ ಆಗುವುದು ಲಕ್ವಾ ಕೂಡ ಆಗಿರಬಹುದು, ಆದ್ದರಿಂದ ಸಕ್ಕರೆ ನೀರಿಗೆ ಸರಿಹೋಗದಿದ್ದರೆ ಕಾಯುತ್ತಾ ಕೂರಬೇಡಿ. ಗ್ಲಿಮಿಪಿರೈಡ್ ತರಹದ ಗುಳಿಗೆಯಿಂದ ಲೋ ಆಗಿದ್ದರೆ ಕೆಲವು ತಾಸಿನ ಮೇಲೆ ಮತ್ತೆ ಇಳಿಯಬಹುದು, ಅದಕ್ಕೆ ಸರಿಹೋದರು ಅಂತ ಒಬ್ಬರನ್ನೇ ಬಿಟ್ಟು ಹೋಗಬೇಡಿ, ದವಾಖಾನೆಗೆ ತೋರಿಸಿ.

ಔಷಧಿಯನ್ನು ನೀವೇ ಕಡಿಮೆ ಮಾಡುವುದೂ ಬೇಡ, ನನ್ನನ್ನು ಕೌಂಟರಿನಲ್ಲಿ ಕೇಳಿ ಬಿಡಿಸುವುದೂ ಬೇಡ. ವಾರದ ಗುಳಿಗೆ ಡಬ್ಬಿ ಸಿಗುತ್ತದೆ, ಏಳು ದಿನಕ್ಕೆ ಏಳು ಮನೆ ಇರುವಂಥದ್ದು. ಭಾನುವಾರ ಸೊಸೆಯೋ ಮೊಮ್ಮಗನೋ ತುಂಬಿಡಲಿ. ಬುಧವಾರ ನೋಡಿದಾಗ ಮಂಗಳವಾರದ್ದು ಹಾಗೇ ಇದ್ದರೆ, ಅಥವಾ ಗುರುವಾರದ್ದು ಆಗಲೇ ಖಾಲಿ ಆಗಿದ್ದರೆ ಹಿರಿಯರಿಗೆ ಬೈಯಬೇಡಿ, ತಾರೀಖು ಬರೆದಿಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಶುಗರ್ ರಿಪೋರ್ಟಿನ ಜೊತೆ ಆ ಚೀಟಿಯನ್ನೂ ಟೇಬಲ್ ಮೇಲೆ ಇಟ್ಟು, ಇವರಿಗೆ ಇಷ್ಟು ಗುಳಿಗೆ ಬೇಕಾ, ಲೋ ಮಾಡದಂಥದ್ದು ಬೇರೆ ಇದೆಯಾ, ಕಿಡ್ನಿ ಮತ್ತು ಬಿ12 ಪರೀಕ್ಷೆ ಕೊನೆಗೆ ಯಾವಾಗ ಆಗಿದ್ದು ಅಂತ ಕೇಳಿ.